ಸೂಪರ್‌ಕಂಪ್ಯೂಟರಿಗೆ ಬಾವುಟ ಇದೆ, ಅದರ ಒಳಗಿನ ಮಾತಿಗೆ ಇಲ್ಲ

2015ರಲ್ಲಿ ಅಮೆರಿಕ ಸರ್ಕಾರ ಚೀನಾದ ಕೆಲವು ಸೂಪರ್‌ಕಂಪ್ಯೂಟರ್ ಕೇಂದ್ರಗಳಿಗೆ ಇಂಟೆಲ್ ಚಿಪ್ ಮಾರುವುದನ್ನು ತಡೆಯಿತು. ಅಣ್ವಸ್ತ್ರ ಸಂಶೋಧನೆಗೆ ಬಳಸುತ್ತಾರೆ ಎನ್ನುವುದು ಅದರ ತಕರಾರು. ಮರುವರ್ಷ ಜೂನ್‌ನಲ್ಲಿ ಚೀನಾದ ವೂಶಿ ನಗರದ ಸನ್‌ವೇ ತೈಹುಲೈಟ್ ಜಗತ್ತಿನ ಅತಿ ವೇಗದ ಕಂಪ್ಯೂಟರ್ ಎನಿಸಿಕೊಂಡಿತು. ಚಿಪ್ ಚೀನಾದ್ದೇ. ಒಟ್ಟು 1,06,49,600 ಕೋರ್‌ಗಳು, ಅಂದರೆ ಚಿಪ್ ಒಳಗೆ ಲೆಕ್ಕ ಮಾಡುವ ಘಟಕಗಳು. ವೇಗ ಸುಮಾರು 93 ಪೆಟಾಫ್ಲಾಪ್ಸ್, ಅಂದರೆ ಸೆಕೆಂಡಿಗೆ 93 ಸಾವಿರ ಲಕ್ಷ ಕೋಟಿ ಲೆಕ್ಕ. ಪತ್ರಿಕೆಗಳಿಗೆ ಒಳ್ಳೆಯ ಸುದ್ದಿ ಸಿಕ್ಕಿತು: ಕೊಡಲ್ಲ ಅಂದರು, ಇವರೇ ಮಾಡಿಕೊಂಡರು.

ಆದರೆ ಇನ್ನೊಂದು ಸಂಗತಿ ಅಷ್ಟಾಗಿ ಸುದ್ದಿಯಾಗಲಿಲ್ಲ. ಆ ಒಂದು ಕೋಟಿ ಕೋರ್‌ಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲು ಬಳಸಿದ ತಂತ್ರಾಂಶದ ಬೇರು ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿತ್ತು. ಅದರ ಹೆಸರು ಎಂವಿಎಪಿಚ್. ಕಟ್ಟಿದ ತಂಡದ ಮುಖ್ಯಸ್ಥರು ಧವಳೇಶ್ವರ ಪಾಂಡಾ, ಬೆಂಗಳೂರಿನ ಐಐಎಸ್‌ಸಿಯಲ್ಲೂ ಓದಿದವರು. ಆ ತಂತ್ರಾಂಶಕ್ಕೆ ಮೂಲವಾದ ಎಂಪಿಚ್ ಬರೆದದ್ದು ಆರ್ಗಾನ್ ಪ್ರಯೋಗಾಲಯ. ಅದು ಅಮೆರಿಕ ಸರ್ಕಾರದ ಹಣದಲ್ಲೇ ನಡೆಯುವ ಸಂಸ್ಥೆ! ಚಿಪ್‌ಗೆ ಬೇಲಿ ಹಾಕಿದ ಸರ್ಕಾರದ್ದೇ ಇನ್ನೊಂದು ಮನೆಯಿಂದ ಈ ತಂತ್ರಾಂಶ ಯಾರು ಬೇಕಾದರೂ ತಗೊಳ್ಳಿ ಅಂತ ಹೊರಗೆ ಬಂದಿತ್ತು.

ಕೋರ್‌ಗಳು ಯಾಕೆ ಮಾತಾಡಬೇಕು? ಮಳೆಯ ಮುನ್ಸೂಚನೆಯನ್ನೇ ತೆಗೆದುಕೊಳ್ಳಿ. ಕರ್ನಾಟಕದ ನಕ್ಷೆಯನ್ನು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿ, ಒಂದೊಂದು ತುಂಡನ್ನು ಒಂದೊಂದು ಪ್ರೊಸೆಸರ್‌ಗೆ ಹಂಚುತ್ತಾರೆ. ಮಂಗಳೂರಿನ ತುಂಡು ಒಬ್ಬರಿಗೆ, ಸಕಲೇಶಪುರದ್ದು ಇನ್ನೊಬ್ಬರಿಗೆ. ಆದರೆ ಗಾಳಿಗೆ ಈ ಗೆರೆ ಗೊತ್ತಿಲ್ಲವಲ್ಲ! ಕರಾವಳಿಯ ಮೋಡ ಘಟ್ಟ ಹತ್ತುತ್ತದೆ. ಸಕಲೇಶಪುರದ ಮುಂದಿನ ಕೆಲವು ನಿಮಿಷ ಲೆಕ್ಕ ಹಾಕಬೇಕಾದರೆ, ಮಂಗಳೂರಿನ ತುಂಡಿನ ಅಂಚಿನಲ್ಲಿ ಈಗ ಗಾಳಿ ಎಷ್ಟು, ತೇವ ಎಷ್ಟು ಎಂದು ತಿಳಿದಿರಬೇಕು. ಹಾಗಾಗಿ ಪ್ರತಿ ಹೆಜ್ಜೆಗೂ ಅಕ್ಕಪಕ್ಕದವರು ಅಂಚಿನ ಅಂಕಿಗಳನ್ನು ಬದಲಾಯಿಸಿಕೊಳ್ಳುತ್ತಾರೆ. ಒಬ್ಬ ಕಳಿಸುತ್ತಾನೆ, ಇನ್ನೊಬ್ಬ ಪಡೆಯುತ್ತಾನೆ. ಲಕ್ಷಗಟ್ಟಲೆ ಪ್ರೊಸೆಸರ್‌ಗಳು, ಸಾವಿರಾರು ಹೆಜ್ಜೆಗಳು.

ಕೇಳಲು ಸರಳ, ಮಾಡಲು ಕಷ್ಟ. ಇಬ್ಬರೂ ಮೊದಲು ‘ಪಡೆಯುವ’ ಆದೇಶ ನಡೆಸಿದರು ಅಂತಿಟ್ಟುಕೊಳ್ಳಿ. ಅವನೇ ಮೊದಲು ಫೋನ್ ಮಾಡಲಿ ಎಂದು ಮುನಿಸಿಕೊಂಡು ಕೂತ ಇಬ್ಬರು ಗೆಳೆಯರ ಹಾಗಾಗುತ್ತದೆ. ಯಾರೂ ಕಳಿಸುವುದಿಲ್ಲ, ಇಬ್ಬರೂ ಕಾಯುತ್ತಾರೆ. ಯಂತ್ರ ಕೆಟ್ಟಿಲ್ಲ, ತಪ್ಪಿನ ಸೂಚನೆಯೂ ಬರುವುದಿಲ್ಲ. ಸುಮ್ನೆ ಕರೆಂಟು ಉರಿಯುತ್ತಿರುತ್ತದೆ. ಆದ್ದರಿಂದ ಯಾರು ಯಾವಾಗ ಕಳಿಸಬೇಕು, ಕಳಿಸಿದ್ದು ತಲುಪುವ ಮೊದಲೇ ಬೇರೆ ಕೆಲಸ ಶುರುಮಾಡಬಹುದೇ, ಎರಡು ಸಂದೇಶ ಒಟ್ಟಿಗೆ ಬಂದರೆ ಮೊದಲು ಯಾವುದು? ಇದಕ್ಕೆಲ್ಲ ಕಟ್ಟುನಿಟ್ಟಾದ ನಿಯಮ ಬೇಕು.

1980ರ ದಶಕದ ಕೊನೆ, 1990ರ ದಶಕದ ಆರಂಭದಲ್ಲಿ ನಿಯಮಗಳಿಗೇನೂ ಬರವಿರಲಿಲ್ಲ. ತೊಂದರೆ ಏನಂದರೆ, ಒಬ್ಬೊಬ್ಬರದು ಒಂದೊಂದು. ಇಂಟೆಲ್ ಯಂತ್ರಕ್ಕೆ ಎನ್‌ಎಕ್ಸ್, ಐಬಿಎಂಗೆ ಇಯುಐ, ಆರ್ಗಾನ್‌ನವರದು ಪಿ4, ಅಮೆರಿಕದ ಇನ್ನೊಂದು ಪ್ರಯೋಗಾಲಯ ಓಕ್ ರಿಡ್ಜ್‌ನವರದು ಪಿವಿಎಂ, ಜರ್ಮನರದು ಪಾರ್‌ಮ್ಯಾಕ್ಸ್, ಎಡಿನ್‌ಬರೋದವರದು ಚಿಂಪ್. ವರ್ಷಗಟ್ಟಲೆ ಕೂತು ಒಂದು ಯಂತ್ರಕ್ಕೆ ಬರೆದ ಪ್ರೋಗ್ರಾಂ ಇನ್ನೊಂದರಲ್ಲಿ ಓಡುತ್ತಿರಲಿಲ್ಲ. ಯಂತ್ರ ಮಾಡಿದ ಕಂಪನಿ ಬಾಗಿಲು ಹಾಕಿದರೆ ಪ್ರೋಗ್ರಾಂ ಕಥೆಯೂ ಮುಗಿಯಿತು. ಆ ಕಾಲದಲ್ಲಿ ಅಂಥ ಕಂಪನಿಗಳು ಮುಚ್ಚುತ್ತಲೂ ಇದ್ದವು.

ಏಪ್ರಿಲ್ 1992ರಲ್ಲಿ ವರ್ಜೀನಿಯಾದ ವಿಲಿಯಮ್ಸ್‌ಬರ್ಗ್‌ನಲ್ಲಿ ಈ ಜನ ಒಂದು ಕಡೆ ಸೇರಿದರು. ಆಮೇಲೆ ನಾಲ್ವರು ಮೊದಲ ಕರಡು ಬರೆದರು. ಅಮೆರಿಕದಿಂದ ಜ್ಯಾಕ್ ಡೊಂಗಾರಾ ಮತ್ತು ಡೇವಿಡ್ ವಾಕರ್, ಜರ್ಮನಿಯಿಂದ ರಾಲ್ಫ್ ಹೆಂಪೆಲ್, ಬ್ರಿಟನ್ನಿನಿಂದ ಟೋನಿ ಹೇ. 1993ರಲ್ಲಿ ಆರಾರು ವಾರಕ್ಕೊಮ್ಮೆ ಡಲ್ಲಾಸ್‌ನ ಒಂದು ಹೋಟೆಲಿನಲ್ಲಿ ಸಭೆಗಳಾದವು. ಸುಮಾರು 40 ಸಂಸ್ಥೆಗಳ 80 ಜನ. ವಿಶ್ವವಿದ್ಯಾಲಯದವರು, ಸರ್ಕಾರಿ ಪ್ರಯೋಗಾಲಯದವರು, ಒಬ್ಬರನ್ನೊಬ್ಬರು ಮಾರುಕಟ್ಟೆಯಲ್ಲಿ ತುಳಿಯಲು ನೋಡುತ್ತಿದ್ದ ಕಂಪನಿಯವರು, ಎಲ್ಲರೂ ಒಂದೇ ಕೋಣೆಯಲ್ಲಿ. ಒಂದು ಸಂಸ್ಥೆಗೆ ಒಂದೇ ಓಟು. ಯುರೋಪಿನವರ ಪ್ರಯಾಣಕ್ಕೆ ಅಲ್ಲಿನ ಸಂಶೋಧನಾ ನಿಧಿಯಿಂದ ಒಂದಿಷ್ಟು ನೆರವು ಸಿಗುತ್ತಿತ್ತು. ನನ್ನ ಪ್ರಕಾರ ಈ ಪ್ರಯಾಣದ ಹಣ ಸಣ್ಣ ವಿಷಯವೇ ಅಲ್ಲ. ಸಭೆಗೆ ಬಂದವನಿಗೇ ಓಟು ಎಂದ ಮೇಲೆ, ವಿಮಾನದ ಟಿಕೆಟ್ ಯಾರು ಕೊಡುತ್ತಾರೆ ಎನ್ನುವುದೂ ವಿಜ್ಞಾನದ ಪ್ರಶ್ನೆಯೇ, ಅಲ್ವಾ?

ಅವರು ಮಾಡಿದ ಇನ್ನೊಂದು ಜಾಣತನದ ಕೆಲಸ: ಚರ್ಚೆ ನಡೆಯುತ್ತಿರುವಾಗಲೇ ಆರ್ಗಾನ್‌ನ ಬಿಲ್ ಗ್ರಾಪ್ ಮತ್ತು ರಸ್ಟಿ ಲಸ್ಕ್ ಕರಡನ್ನು ತಂತ್ರಾಂಶವಾಗಿ ಬರೆಯುತ್ತಾ ಹೋದರು. ಕಾಗದದ ಮೇಲೆ ಚೆನ್ನಾಗಿ ಕಂಡದ್ದು ಯಂತ್ರದಲ್ಲಿ ನಡೆಯುತ್ತದೋ ಇಲ್ಲವೋ ಬೇಗ ಗೊತ್ತಾಗುತ್ತಿತ್ತು. ಹಾಗೆ ಹುಟ್ಟಿದ್ದೇ ಎಂಪಿಚ್. 1994ರಲ್ಲಿ ನಿಯಮಗಳ ಮೊದಲ ಆವೃತ್ತಿ ಹೊರಬಂತು. ಹೆಸರು ಮೆಸೇಜ್ ಪಾಸಿಂಗ್ ಇಂಟರ್‌ಫೇಸ್, ಎಲ್ಲರ ಬಾಯಲ್ಲಿ ಎಂಪಿಐ. ಒಂದು ಮಾತು ನೆನಪಿರಲಿ, ಎಂಪಿಐ ಅಂದರೆ ತಂತ್ರಾಂಶವಲ್ಲ, ಬರೀ ನಿಯಮಗಳ ಪುಸ್ತಕ. ಅದನ್ನು ನೋಡಿಕೊಂಡು ಯಾರು ಬೇಕಾದರೂ ತಂತ್ರಾಂಶ ಬರೆಯಬಹುದು.

ಎಲ್ಲವೂ ಸಲೀಸಾಗಿ ನಡೆಯಿತು ಅಂತ ಅಂದುಕೊಳ್ಳಬೇಡಿ. ಪ್ರೋಗ್ರಾಂ ಓಡುತ್ತಿರುವಾಗ ಹೊಸ ಪ್ರೊಸೆಸ್ (ಕೆಲಸ ಹಂಚಿಕೊಳ್ಳುವ ಪ್ರೋಗ್ರಾಂನ ಇನ್ನೊಂದು ಪ್ರತಿ) ಸೇರಿಸಿಕೊಳ್ಳುವ ಸೌಲಭ್ಯ ಪಿವಿಎಂನಲ್ಲಿತ್ತು, ಮೊದಲ ಎಂಪಿಐನಲ್ಲಿ ಇರಲಿಲ್ಲ. ಅದು ಬಂದದ್ದು 1997ರ ಎರಡನೇ ಆವೃತ್ತಿಯಲ್ಲಿ. ಒಪ್ಪಿಗೆಯಾದದ್ದನ್ನು ಮೊದಲು ಬರೆಯೋಣ, ಜಗಳದ್ದು ಆಮೇಲೆ ನೋಡೋಣ ಎನ್ನುವ ಧೋರಣೆ. ಹಾಗೆ ಸೇರುತ್ತಾ ಸೇರುತ್ತಾ ಈಗ ಆ ಪುಸ್ತಕ ಸಾವಿರ ಪುಟ ದಾಟಿದೆ. ಪೂರ್ತಿ ಓದಿದವರು ತುಂಬಾ ಜನ ಇರಲಾರರು. ಅದೃಷ್ಟಕ್ಕೆ ಆರು ಆದೇಶ ಕಲಿತರೆ ಕೆಲಸ ಶುರುಮಾಡಬಹುದು.

2004ರಲ್ಲಿ ಟೆನೆಸೀ, ಲಾಸ್ ಅಲಮೋಸ್, ಇಂಡಿಯಾನಾ ಮತ್ತು ಜರ್ಮನಿಯ ಸ್ಟುಟ್‌ಗಾರ್ಟ್‌ನ ತಂಡಗಳು ತಮ್ಮ ತಮ್ಮ ತಂತ್ರಾಂಶ ಕೈಬಿಟ್ಟು ಒಟ್ಟಾಗಿ ಓಪನ್ ಎಂಪಿಐ ಕಟ್ಟಲು ಹೊರಟವು. ನಾನು ಮಾಡಿದ್ದು ಸಾಕು, ನಾವು ಮಾಡೋಣ ಎನ್ನುವುದು ಸಂಶೋಧಕರಲ್ಲಿ ಅಪರೂಪ. ಜಪಾನಿನ ಫುಗಾಕು ಯಂತ್ರದ ಎಂಪಿಐ ಇದರ ಮೇಲೆಯೇ ನಿಂತಿದೆ. ಅಮೆರಿಕದ ಕ್ರೇ ಕಂಪನಿಯ ಯಂತ್ರಗಳದ್ದು ಎಂಪಿಚ್ ಮೇಲೆ.

ನಮ್ಮ ಕಥೆಯೂ ಚೀನಾದ ಕಥೆಗಿಂತ ತೀರಾ ಬೇರೆಯಲ್ಲ. 1980ರ ದಶಕದಲ್ಲಿ ಐಐಎಸ್‌ಸಿಗೆ ಕ್ರೇ ಯಂತ್ರ ಬೇಕೆಂದು ಭಾರತ ಕೇಳಿತು, ಅಮೆರಿಕ ಒಪ್ಪಲಿಲ್ಲ. ಕಡಿಮೆ ಸಾಮರ್ಥ್ಯದ ಒಂದನ್ನು ದೆಹಲಿಯ ಹವಾಮಾನ ಕೇಂದ್ರಕ್ಕೆ ಕೊಟ್ಟಿತು. ವಿಮಾನ ಸಂಶೋಧನೆ ಮಾಡುವ ಬೆಂಗಳೂರಿನ ಎನ್‌ಎಎಲ್ 1986ರಲ್ಲೇ ಫ್ಲೋಸಾಲ್ವರ್ ಎಂಬ ಸಮಾಂತರ ಕಂಪ್ಯೂಟರ್ ಕಟ್ಟಿಕೊಂಡಿತ್ತು. 1988ರಲ್ಲಿ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಹುಟ್ಟಿತು, 1991ರಲ್ಲಿ ಅದರ ಸೂಪರ್‌ಕಂಪ್ಯೂಟರ್ ಪರಮ್ 8000 ಬಂತು. ಅದನ್ನು ಸ್ವದೇಶಿ ಎಂದು ಹೊಗಳುತ್ತೇವೆ, ತಪ್ಪೇನಿಲ್ಲ. ಆದರೆ ಅದರೊಳಗಿದ್ದ ಟ್ರಾನ್ಸ್‌ಪ್ಯೂಟರ್ ಚಿಪ್ಪುಗಳು ಬ್ರಿಟನ್ನಿನ ಇನ್‌ಮಾಸ್ ಕಂಪನಿಯವು. ಬೇರೆಯವರ ಚಿಪ್ಪುಗಳನ್ನು ಜೋಡಿಸಿ ಒಂದಾಗಿ ಕೆಲಸ ಮಾಡಿಸಿದ್ದೇ ನಮ್ಮವರ ಸಾಧನೆ, ಅದೇನೂ ಸಣ್ಣದಲ್ಲ. ಇವತ್ತು ಐಐಎಸ್‌ಸಿಯಲ್ಲಿ 2022ರಿಂದ ಪರಮ್ ಪ್ರವೇಗ ಇದೆ, 3.3 ಪೆಟಾಫ್ಲಾಪ್ಸ್. ಅಲ್ಲಿ ಎಂಪಿಐನಲ್ಲಿ ಪ್ರೋಗ್ರಾಂ ಬರೆದ ವಿದ್ಯಾರ್ಥಿ ಅದನ್ನೇ ಒಯ್ದು ಫಿನ್‌ಲೆಂಡಿನ ಲೂಮಿಯಲ್ಲೋ ಜಪಾನಿನ ಫುಗಾಕುವಿನಲ್ಲೋ ಓಡಿಸಬಹುದು. ಆ ಯಂತ್ರಕ್ಕೆ ತಕ್ಕಂತೆ ಮತ್ತೊಮ್ಮೆ ಕಂಪೈಲ್ ಮಾಡಿಕೊಂಡರಾಯಿತು, ಅಂದರೆ ಬರೆದದ್ದನ್ನು ಆ ಯಂತ್ರದ ಭಾಷೆಗೆ ತಿರುಗಿಸಿಕೊಂಡರಾಯಿತು.

ಒಂದೇ ಬಗೆಯ ಚಿಪ್ ಇರುವ ಯಂತ್ರಗಳಲ್ಲೂ ಈ ಮತ್ತೊಮ್ಮೆ ಕಂಪೈಲ್ ಮಾಡುವ ಕಾಟ ಮಾತ್ರ ಮೂವತ್ತು ವರ್ಷ ಉಳಿದುಕೊಂಡಿತ್ತು. ಎಂಪಿಚ್‌ಗೆಂದು ಕಂಪೈಲ್ ಮಾಡಿದ್ದು ಓಪನ್ ಎಂಪಿಐ ಜತೆ ಓಡುತ್ತಿರಲಿಲ್ಲ. ಪುಸ್ತಕ ಒಂದೇ ಆದರೂ, ಒಳಗಿನ ಗುರುತುಗಳಿಗೆ ಒಬ್ಬರು ಸಂಖ್ಯೆ ಬಳಸಿದ್ದರು, ಇನ್ನೊಬ್ಬರು ಮೆಮೊರಿಯ ವಿಳಾಸ. ಯಾರೂ ತಮ್ಮದನ್ನು ಬಿಟ್ಟುಕೊಡಲು ತಯಾರಿರಲಿಲ್ಲ. ಜೂನ್ 2025ರಲ್ಲಿ ಒಪ್ಪಿಗೆಯಾದ ಐದನೇ ಆವೃತ್ತಿಯಲ್ಲಿ ಕೊನೆಗೂ ಆ ಗುರುತುಗಳು ಎಲ್ಲರಿಗೂ ಒಂದೇ ಎಂದು ಬರೆದಿದ್ದಾರೆ.