ಹಳೆಯ ಅನಲಾಗ್ ಮಿಕ್ಸರ್: ತಿರುಪುಳಿಗಿಂತ ಮೊದಲು ಕಿವಿ

ಬಾದಾಮಿಯ ಬನಶಂಕರಿ ಜಾತ್ರೆಯ ನಾಟಕಗಳಿಗೆ ಸೌಂಡ್ ಕೆಲಸಕ್ಕೆ ಹೋಗಬೇಕೆನ್ನುವವರು, ಎಲ್ಲ ಮೈಕುಗಳ ಧ್ವನಿ ಬೆರೆಸುವ ಹಳೆಯ ಮಿಕ್ಸರ್‌ಗೆ ಹೆದರಬೇಕಿಲ್ಲ. ಅದರ ಕಾಯಿಲೆಗಳೆಲ್ಲ ಬಾಯಿಬಿಟ್ಟು ಹೇಳುವಂಥವು. ಮುಚ್ಚಳ ಬಿಚ್ಚುವ ಮುನ್ನ ಕೇಳಿಸಿಕೊಳ್ಳುವ ತಾಳ್ಮೆ ಬೇಕು, ಅಷ್ಟೇ.

ಮೊದಲು ಗೇನ್, ಅಂದರೆ ಒಳಬರುವ ಧ್ವನಿಯನ್ನು ಆರಂಭದಲ್ಲೇ ಎಷ್ಟು ಹೆಚ್ಚಿಸಬೇಕೆಂಬುದು. ಫೇಡರನ್ನು (ಚಾನೆಲ್ಲಿನ, ಅಂದರೆ ಒಂದೊಂದು ಮೈಕಿನ, ಧ್ವನಿ ಏರಿಳಿಸುವ ಜಾರುಹಿಡಿ) ಸೊನ್ನೆಯ ಗುರುತಿಗಿಟ್ಟು, ನಟ ಅಬ್ಬರಿಸಿದಾಗಲೂ ಧ್ವನಿ ಮಿತಿ ಮೀರುತ್ತಿದೆ ಎನ್ನುವ ಪೀಕ್ ದೀಪ ಹೊತ್ತದಷ್ಟು ಗೇನ್ ಕೊಡಿ. ಗೇನ್ ಕಡಿಮೆಯಿಟ್ಟು ಒಟ್ಟು ಧ್ವನಿಯ ಮಾಸ್ಟರ್ ಏರಿಸಿದರೆ ಮಾತಿನ ಜೊತೆಗೆ ‘ಸುಯ್’ ಎನ್ನುವ ಸದ್ದೂ ಏರುತ್ತದೆ. ತಬಲಾ ಚಾನೆಲ್‌ನಲ್ಲಿ ಧ್ವನಿಮಟ್ಟ ತೋರಿಸುವ ವಿಯು ಮೀಟರಿನ ಮುಳ್ಳನ್ನು ನಂಬಬೇಡಿ. ಅದು ಪೂರ್ತಿ ಏರಲು ಸುಮಾರು 300 ಮಿಲಿಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ ಏಟು ಬಂದು ಹೋಗಿರುತ್ತದೆ.

‘ಗುಂಯ್’ ಎನ್ನುವ ಸದ್ದಿನಲ್ಲಿ ಎರಡು ಬಗೆ. ನಮ್ಮ ವಿದ್ಯುತ್ತು 50 ಹರ್ಟ್ಸ್. ಅದೇ ಸ್ವರ ಕೇಳಿದರೆ ಅನುಮಾನ ಅರ್ಥಿಂಗ್ ಮೇಲೆ: ಮಿಕ್ಸರ್, ಆಂಪ್ಲಿಫೈಯರ್ ಎರಡಕ್ಕೂ ಒಂದೇ ಬೋರ್ಡಿನಿಂದ ಕರೆಂಟ್ ಕೊಟ್ಟು ನೋಡಿ. ಸರಿಯಾಗಿ ಒಂದು ಸಪ್ತಕ ಮೇಲೆ, 100 ಹರ್ಟ್ಸಿನಲ್ಲಿ ಕೊರೆಯುತ್ತಿದ್ದರೆ ಪವರ್ ಸಪ್ಲೈನಲ್ಲಿ ಕರೆಂಟಿನ ಏರಿಳಿತ ಸಮಗೊಳಿಸುವ ಫಿಲ್ಟರ್ ಕೆಪಾಸಿಟರ್ ಒಣಗಿರಬಹುದು. ಸದ್ದು ನಿಲ್ಲಿಸಲು ಪ್ಲಗ್ಗಿನ ಅರ್ಥ್ ಪಿನ್ ಕೀಳುವ ‘ಪಂಡಿತರು’ ಎಲ್ಲ ಊರಲ್ಲೂ ಇದ್ದಾರೆ. ಮೈಕ್ ಹಿಡಿದವನ ಜೀವ ತೆಗೆಯುವ ವಿದ್ಯೆ ಅದು.

ಗುಬ್ಬಿ (ನಾಬ್) ತಿರುಗಿಸಿದಾಗ ‘ಕರಕರ’ ಎಂದರೆ ಎಲ್ಲರೂ ಧೂಳು ಎನ್ನುತ್ತಾರೆ. ಜಾತ್ರೆಯ ಬಯಲಿನಲ್ಲಿ ಅದು ಬಹುಪಾಲು ನಿಜವೂ ಹೌದು. ಕರೆಂಟ್ ತೆಗೆದು, ಕಾಂಟ್ಯಾಕ್ಟ್ ಕ್ಲೀನರ್ ಒಂದೇ ಚಿಮುಕು ಬಿಟ್ಟು, ಈ ತುದಿಯಿಂದ ಆ ತುದಿಗೆ ಹತ್ತಾರು ಸಲ ತಿರುಗಿಸಿ, ಆರಲು ಬಿಡಿ. ತುಕ್ಕು ಬಿಡಿಸುವ ಎಣ್ಣೆಯ ಸ್ಪ್ರೇ ಬೇಡ. ಉಳಿದ ಜಿಡ್ಡು ಇನ್ನಷ್ಟು ಧೂಳನ್ನು ಹಿಡಿದಿಡುತ್ತದೆ. ತೊಳೆದ ಮೇಲೂ, ಮೈಕ್ ಇಲ್ಲದಿದ್ದಾಗಲೂ ಕರಕರ ನಿಲ್ಲದಿದ್ದರೆ ತಪ್ಪು ಗುಬ್ಬಿಯದ್ದಲ್ಲದಿರಬಹುದು. ಅದರ ಹಿಂದಿನ, ಧ್ವನಿಯನ್ನಷ್ಟೇ ದಾಟಿಸಿ ಡಿಸಿ ತಡೆಯಬೇಕಾದ ಕಪ್ಲಿಂಗ್ ಕೆಪಾಸಿಟರ್ ಸೋರಿ, ಡಿಸಿ ವೋಲ್ಟೇಜು ಗುಬ್ಬಿಯವರೆಗೆ ಬಂದಿರುತ್ತದೆ. ಮಲ್ಟಿಮೀಟರ್ ಹಿಡಿದರೆ ಗೊತ್ತಾಗುತ್ತದೆ. ಕೆಪಾಸಿಟರ್ ಬದಲಿಸುವಾಗ ಪ್ಲಸ್, ಮೈನಸ್ ನೋಡಿ ಹಾಕಿ. ವೋಲ್ಟೇಜ್ ರೇಟಿಂಗ್ ಮೊದಲಿಗಿಂತ ಕಡಿಮೆ ಇರಬಾರದು. ಬಿಸಿ 10 ಡಿಗ್ರಿ ಏರಿದರೆ ಇವುಗಳ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆ, ಹಾಗಾಗಿ ನಮ್ಮ ಬೇಸಿಗೆಯಲ್ಲಿ ಮಿಕ್ಸರಿನ ಗಾಳಿಕಿಂಡಿ ಮುಚ್ಚಬೇಡಿ.

ಇನ್ನೊಂದು, ಬಿಟ್ಟಿಯಾಗಿ ಆಗುವ ರಿಪೇರಿ. ಚಾನೆಲ್ ಒಮ್ಮೆ ಬಂದು ಒಮ್ಮೆ ಹೋಗುತ್ತಿದ್ದರೆ ಹಿಂಬದಿಯಲ್ಲಿ ಹೊರಗಿನ ಉಪಕರಣ ಜೋಡಿಸುವ ಇನ್ಸರ್ಟ್ ಜ್ಯಾಕ್ ನೋಡಿ. ಏನೂ ಚುಚ್ಚದಿದ್ದಾಗ ಧ್ವನಿ ಅದರೊಳಗಿನ ಪುಟ್ಟ ತಗಡಿನ ಎಲೆ ದಾಟಿಯೇ ಮುಂದೆ ಹೋಗಬೇಕು. ಎಲೆಗೆ ಕಿಲುಬು ಹಿಡಿದರೆ ದಾರಿ ಬಂದ್. ಖಾಲಿ ಪಿನ್ನನ್ನು ನಾಲ್ಕಾರು ಸಲ ಚುಚ್ಚಿ ತೆಗೆಯಿರಿ. ಧ್ವನಿ ಮರಳಿದರೆ ಐಸಿ ಚಿಪ್ ಹುಡುಕುತ್ತ ಅಂಗಡಿಗೆ ಹೋಗುವ ಕೆಲಸವಿಲ್ಲ.