ಶಿವನ ಹೆಸರು ಹೊತ್ತ ಗಿಡ್ಡ ಕತ್ತಿನ ಜಿರಾಫೆ

1830ರ ದಶಕದಲ್ಲಿ ಹಿಮಾಲಯದ ತಪ್ಪಲಿನ ಶಿವಾಲಿಕ್ ಬೆಟ್ಟಸಾಲಿನಿಂದ ಪಳೆಯುಳಿಕೆಗಳನ್ನು ಕಲೆಹಾಕುತ್ತಿದ್ದವರು ಸಹಾರನ್‌ಪುರದ ಸಸ್ಯೋದ್ಯಾನದ ಮೇಲ್ವಿಚಾರಕ ಹ್ಯೂ ಫಾಲ್ಕನರ್ ಮತ್ತು ಕಾಲುವೆಗಳ ಎಂಜಿನಿಯರ್ ಪ್ರೋಬಿ ಕಾಟ್ಲಿ. ಅವರಿಗೆ ದೊರೆತ ಒಂದು ತಲೆಬುರುಡೆ ಆನೆಯದನ್ನು ನೆನಪಿಸುವಷ್ಟು ದೊಡ್ಡದಾಗಿತ್ತು. ಹಲ್ಲುಗಳು ಮಾತ್ರ ಮೆಲುಕು ಹಾಕುವ ಪ್ರಾಣಿಯವು. 1836ರಲ್ಲಿ ಅದನ್ನು ವಿವರಿಸಿದ ಅವರು, ಬೆಟ್ಟಗಳ ಹೆಸರಿನಲ್ಲೇ ಇದ್ದ ಶಿವನಿಗೆ 'ಮೃಗ' ಎಂಬ ಅರ್ಥದ ಗ್ರೀಕ್ ಪದವನ್ನು ಸೇರಿಸಿ ಅದನ್ನು ಶಿವಥೀರಿಯಂ ಎಂದು ಕರೆದರು.

ಮೂಗಿನ ಮೂಳೆಗಳ ರಚನೆಯನ್ನು ಕಂಡು ಈ ಪ್ರಾಣಿಗೆ ಸೊಂಡಿಲಿತ್ತೆಂದೂ, ಇದು ಆನೆಯಂಥ ದಪ್ಪಚರ್ಮದ ಪ್ರಾಣಿಗಳಿಗೂ ಮೆಲುಕು ಹಾಕುವವುಗಳಿಗೂ ನಡುವಿನ ಕೊಂಡಿಯೆಂದೂ ಅವರು ಭಾವಿಸಿದರು. ಇದು ಜಿರಾಫೆಯ ಬಳಗದ್ದೆಂದು ಬೇಗನೆ ಗುರುತಿಸಿದವರು ಫ್ರಾನ್ಸಿನ ಪ್ರಾಣಿವಿಜ್ಞಾನಿ ಜೋಫ್ರ್ವಾ ಸಾಂತಿಲೇರ್. ಕತ್ತು ಗಿಡ್ಡ, ಮೈ ಎತ್ತಿನಂತೆ ದಪ್ಪ. ಇದನ್ನು ಜಿರಾಫೆಯೆಂದರೆ ಮೊದಲಿಗೆ ಯಾರೂ ಒಪ್ಪಲಾರರು. ಆದರೆ ಉದ್ದ ಕತ್ತು ಜಿರಾಫೆಗಳ ಕುಟುಂಬದ ಗುರುತೇ ಅಲ್ಲ, ಅದು ಒಂದು ಕವಲಿನ ವಿಶೇಷ ಮಾತ್ರ. ಇಂದು ಬದುಕಿರುವ ಏಕೈಕ ಹತ್ತಿರದ ನೆಂಟ, ಕಾಂಗೋ ಕಾಡಿನ ಒಕಾಪಿಯ ಕತ್ತೂ ಗಿಡ್ಡವೇ. ಕುಟುಂಬದ ನಿಜವಾದ ಗುರುತುಗಳೆಂದರೆ ಎರಡು ಹಾಲೆಗಳಾಗಿ ಸೀಳಿದ ಕೆಳದವಡೆಯ ಕೋರೆಹಲ್ಲು ಮತ್ತು ಬೇರೆಯೇ ಮೂಳೆಯಾಗಿ ಹುಟ್ಟಿ ಅನಂತರ ಬುರುಡೆಗೆ ಬೆಸೆದುಕೊಳ್ಳುವ ಕೊಂಬು. ಜಿಂಕೆಗಳ ಕವಲುಗೊಂಬಿನಂತೆ ಇದು ಪ್ರತಿವರ್ಷ ಉದುರುವುದಿಲ್ಲ. ಶಿವಥೀರಿಯಂಗೆ ಇಂಥ ಕೊಂಬುಗಳು ನಾಲ್ಕಿದ್ದವು: ಕಣ್ಣುಗಳ ಮೇಲೆ ಮೊನಚಾದ ಒಂದು ಜೋಡಿ, ಅದರ ಹಿಂದೆ ಅಂಗೈಯಂತೆ ಅಗಲವಾಗಿ ಹರಡಿದ ಇನ್ನೊಂದು ಜೋಡಿ. ಇಷ್ಟು ಭಾರದ ತಲೆಯನ್ನು ಹೊರಲು ಗಿಡ್ಡ, ದಪ್ಪ ಕತ್ತೇ ಸರಿಯೆನ್ನಬೇಕು.

ಆನೆಯ ಗಾತ್ರವೆಂಬ ಹಳೆಯ ಮಾತೂ ನಿಲ್ಲಲಿಲ್ಲ. ಮೂಳೆಗಳ ಆಧಾರದ ಮೇಲೆ ಕಂಪ್ಯೂಟರಿನಲ್ಲಿ ದೇಹವನ್ನು ಮರುರೂಪಿಸಿದ 2016ರ ಅಧ್ಯಯನವು ಅದರ ತೂಕವನ್ನು ಸುಮಾರು 1,250 ಕಿಲೋಗ್ರಾಂ ಎಂದು ಅಂದಾಜಿಸಿತು. ಎಂದರೆ ನಮ್ಮ ಕಾಡಿನ ದೊಡ್ಡ ಗಂಡು ಕಾಟಿಗಿಂತ ಒಂದಿಷ್ಟು ಹೆಚ್ಚು. ಮೆಲುಕು ಹಾಕುವ ಪ್ರಾಣಿಗೆ ಇದೇನೂ ಕಡಿಮೆಯಲ್ಲ.

ಇದರ ಹತ್ತಿರದ ಪ್ರಭೇದಗಳು ಆಫ್ರಿಕಾದಲ್ಲೂ ಇದ್ದವು. ಇತ್ತ ಶಿವಾಲಿಕ್ ಸ್ತರಗಳಲ್ಲಿ ಉದ್ದ ಕತ್ತಿನ ಅಸಲಿ ಜಿರಾಫೆಯೂ ಇತ್ತೆಂದು ಗುರುತಿಸಿದವರು ಫಾಲ್ಕನರ್ ಮತ್ತು ಕಾಟ್ಲಿಯವರೇ. ಆ ಪ್ರಭೇದಕ್ಕೆ ಆಧಾರವಾಗಿ ಅವರ ಕೈಯಲ್ಲಿದ್ದುದು ಕತ್ತಿನ ಒಂದೇ ಒಂದು ಮೂಳೆ.