ಪೇಸ್‌ಮೇಕರ್ ಇದ್ದವರಿಗೆ ಕ್ಯಾನ್ಸರ್ ಮರುಕಳಿಸಿದರೆ ರೇಡಿಯೇಶನ್ ಹೇಗೆ?

ಐದು ವರ್ಷ ದಾಟಿದರೆ ಸ್ತನ ಕ್ಯಾನ್ಸರ್ ಗೆದ್ದಂತೆ ಎಂಬ ಮಾತು ಹುಬ್ಬಳ್ಳಿ-ಧಾರವಾಡದ ಓಪಿಡಿ ಸಾಲುಗಳಲ್ಲಿ ಇವತ್ತಿಗೂ ಕೇಳುತ್ತದೆ. ಹಾರ್ಮೋನ್ ಅವಲಂಬಿತ ಗಡ್ಡೆಗೆ ಅದು ಅನ್ವಯಿಸದು. 2017ರ ದೊಡ್ಡ ವಿಶ್ಲೇಷಣೆಯೊಂದರ ಪ್ರಕಾರ, ಐದು ವರ್ಷ ಹಾರ್ಮೋನ್ ಚಿಕಿತ್ಸೆ ಮುಗಿಸಿದವರಲ್ಲೂ ಮುಂದಿನ 15 ವರ್ಷಗಳಲ್ಲಿ ರೋಗ ಬೇರೆ ಅಂಗಕ್ಕೆ ಹಬ್ಬುವ ಸಾಧ್ಯತೆ ಶೇ 10ರಿಂದ 41. ಅಷ್ಟರೊಳಗೆ ವಯಸ್ಸಾಗಿ, ಕೆಲವರ ಎದೆಯಲ್ಲಿ ಹೃದಯದ ಬಡಿತ ಕಾಯುವ ಪೇಸ್‌ಮೇಕರ್ ಕೂತಿರುತ್ತದೆ; ಮರುಕಳಿಸಿದ ರೋಗಕ್ಕೆ ಕೊಡುವ ವಿಕಿರಣ ಅದನ್ನು ಕೆಡಿಸಬಹುದು.

1958ರಲ್ಲಿ ಸ್ವೀಡನ್‌ನಲ್ಲಿ ದೇಹದೊಳಗೆ ಕೂರಿಸುವ ಮೊದಲ ಪೇಸ್‌ಮೇಕರ್ ಹಾಕಿಸಿಕೊಂಡವರು ಜೀವನದಲ್ಲಿ ಒಟ್ಟು 26 ಸಾಧನ ಬಳಸಿ, 2001ರಲ್ಲಿ ತೀರಿಕೊಂಡದ್ದು ಹೃದಯದ ಕಾಯಿಲೆಯಿಂದಲ್ಲ, ಚರ್ಮದ ಕ್ಯಾನ್ಸರ್‌ನಿಂದ. ಹಳೆಯ ಟ್ರಾನ್ಸಿಸ್ಟರ್ ಸರ್ಕ್ಯೂಟುಗಳು ವಿಕಿರಣ ತಾಳುತ್ತಿದ್ದವು. 1970ರ ದಶಕದಿಂದ ಬಂದ ಸಿಮಾಸ್ (CMOS) ಎಂಬ ಕಡಿಮೆ ವಿದ್ಯುತ್ತಿನ ಚಿಪ್ಪು ಬ್ಯಾಟರಿ ಉಳಿಸಿತು, ಆದರೆ ವಿಕಿರಣ ಅದರ ಆಕ್ಸೈಡ್ ಪದರದಲ್ಲಿ ವಿದ್ಯುದಂಶ ಸಿಕ್ಕಿಸಿಬಿಡುತ್ತದೆ. ಕರೆಂಟು ಸೋರಿ ಬ್ಯಾಟರಿ ಬೇಗ ಇಳಿಯಬಹುದು, ಬಡಿತದ ಲೆಕ್ಕ ತಪ್ಪಬಹುದು.

1994ರಲ್ಲಿ ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ ಗೆರೆ ಎಳೆಯಿತು: ಸಾಧನ ನೇರ ಕಿರಣದಲ್ಲಿ ಇರಬಾರದು, ಅದಕ್ಕೆ ತಗಲುವ ವಿಕಿರಣ ಒಟ್ಟು 2 ಗ್ರೇ (ವಿಕಿರಣ ಪ್ರಮಾಣದ ಅಳತೆ) ಮೀರಬಾರದು. ಬಹಳ ಕಾಲ ಎಲ್ಲರ ಗಮನ ಈ 2ರ ಮೇಲೇ ನಿಂತಿತು. ಕಿರಣದ ಶಕ್ತಿಯತ್ತ ನೋಡಬೇಕಿತ್ತು. ಶಕ್ತಿ 10 ಎಂವಿ (ಮೆಗಾವೋಲ್ಟ್) ದಾಟಿದರೆ ಲಿನಾಕ್ ಎಂಬ ರೇಡಿಯೇಶನ್ ಯಂತ್ರದ ತಲೆಯಲ್ಲಿ ನ್ಯೂಟ್ರಾನ್ ಕಣಗಳು ಹುಟ್ಟಿ ದೂರಕ್ಕೂ ಚದುರುತ್ತವೆ. ಸೊಂಟದ ಎಲುಬಿಗೆ 15 ಎಂವಿ ಕೊಟ್ಟರೂ ಎದೆಯಲ್ಲಿನ ಪೇಸ್‌ಮೇಕರ್ ರೀಸೆಟ್ ಆಗಬಹುದು. 6 ಎಂವಿ ಕಿರಣಕ್ಕಾಗಲಿ ಕೋಬಾಲ್ಟ್ ಯಂತ್ರಕ್ಕಾಗಲಿ ಆ ಕಾಟವಿಲ್ಲ. ಅದೇ ಸಂಘದ 2019ರ ಪರಿಷ್ಕರಣೆ, ಅಪಾಯ ಅಳೆಯಲು 2 ಮತ್ತು 5 ಗ್ರೇ ಎಂಬ ಎರಡು ಮೆಟ್ಟಿಲಿನ ಜೊತೆ ನ್ಯೂಟ್ರಾನನ್ನೂ, ರೋಗಿ ಪೇಸ್‌ಮೇಕರ್ ಮೇಲೆ ಎಷ್ಟು ಅವಲಂಬಿತ ಎಂಬುದನ್ನೂ ಸೇರಿಸಿತು.

ನಿಯಮ ಗೊತ್ತಿದ್ದರೂ ಕೆಲಸ ಸಿಕ್ಕಿಬೀಳುವುದು ಕಾಗದದಲ್ಲಿ. ಹೃದಯದ ಫೈಲು ಒಂದು ಆಸ್ಪತ್ರೆಯಲ್ಲಿ, ಗಡ್ಡೆಯ ಫೈಲು ಇನ್ನೊಂದರಲ್ಲಿ. ಹಾವೇರಿ, ಗದಗಿನಿಂದ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ಬೇರೆಡೆಗೋ ರೇಡಿಯೇಶನ್‌ಗೆ ಬರುವವರು, ಸಾಧನದ ಕಂಪನಿ-ಮಾದರಿ ಬರೆದಿರುವ ಪೇಸ್‌ಮೇಕರ್ ಕಾರ್ಡನ್ನು ಮನೆಯ ಟ್ರಂಕಿನಲ್ಲೇ ಬಿಟ್ಟು ಬರುವುದು ಅಪರೂಪವಲ್ಲ. ಬರುವಾಗ ತನ್ನಿ ಎಂದು ಯಾರಾದರೂ ಹೇಳಿರಬೇಕಲ್ಲ! ಪೇಸ್‌ಮೇಕರ್ ತಪಾಸಿಸುವ ಯಂತ್ರವಾದ ಪ್ರೋಗ್ರಾಮರ್ ಕಂಪನಿಗೊಂದು; ಒಂದರದು ಇನ್ನೊಂದರ ಸಾಧನವನ್ನು ಓದುವುದಿಲ್ಲ. ಕಾರ್ಡು ಕಳೆದಿದ್ದರೆ ಎದೆಯ ಎಕ್ಸ್‌ರೇ ಹಿಗ್ಗಿಸಿ ನೋಡಬೇಕು. ಡಬ್ಬಿಯೊಳಗಿನ ಸಣ್ಣ ಗುರುತಿನಿಂದ ಕಂಪನಿ ತಿಳಿಯುತ್ತದೆ.

ಕಿರಣದ ದಾರಿ ನಿಗದಿ ಮಾಡುವ ಪ್ಲಾನಿಂಗ್ ಸಿಟಿ ಸ್ಕ್ಯಾನ್‌ಗೆ ಮೊದಲೇ ಪೇಸ್‌ಮೇಕರಿನ ಈ ತಪಾಸಣೆ ಆಗಬೇಕು. ಸಾಧನ ಕಿರಣದ ದಾರಿಯಲ್ಲೇ ಬಂದರೆ ಇನ್ನೊಂದು ಬದಿಗೆ ಸ್ಥಳಾಂತರಿಸಬೇಕಾಗಬಹುದು. ಗಾಯ ಮಾಯುವ ತನಕ ಚಿಕಿತ್ಸೆ ತಡ. ಎಲುಬಿನ ನೋವಿಗಾದರೆ 10 ದಿನ 30 ಗ್ರೇ ಬದಲು ಒಂದೇ ಸಲ 8 ಗ್ರೇ ಸಾಕಾಗುವುದುಂಟು, ತಪಾಸಣೆಯ ಸುತ್ತೂ ಕಡಿಮೆ. ದೋಷ ತಡವಾಗಿ ಕಾಣಿಸಬಹುದಾದ್ದರಿಂದ ಕೊನೆಯ ದಿನ ಮಾತ್ರವಲ್ಲ, 1, 3, 6ನೇ ತಿಂಗಳಲ್ಲೂ ಪೇಸ್‌ಮೇಕರ್ ಓದಿಸುವುದು ರೂಢಿ. ಡಿಸ್ಚಾರ್ಜ್ ಚೀಟಿಯಲ್ಲಿ ಆ ತಾರೀಖುಗಳನ್ನು ಬರೆಸಿಕೊಂಡೇ ಊರಿಗೆ ಹೊರಡಬೇಕು.